ಕೆಳಸಾಲಿನ ನಾಲ್ಕು ಹಲ್ಲುಗಳು

ಬಾಳೆಹಣ್ಣು ಕಚ್ಚಿದಾಗ ಹಲ್ಲು ಅಲುಗಾಡಿತು. ಖಡಕ್ ರೊಟ್ಟಿಯಲ್ಲ, ಕಬ್ಬಲ್ಲ. ಕಮಲಾಪುರದ ಕೆಂಪು ಬಾಳೆ, ನಾಲಿಗೆಯಿಂದ ಒತ್ತಿದರೂ ಕರಗುವಂಥದ್ದು. ಬೆಳಗಿನ ಪೇಪರ್ ಓದುವವರೆಲ್ಲ ಎದ್ದು ಹೋದ ಮೇಲೆ, ಗ್ರಂಥಾಲಯದ ನನ್ನ ಮೇಜಿನ ಮುಂದೆ ಕುಳಿತು, ಹನ್ನೊಂದರ ಹೊತ್ತಿಗೆ ಅದನ್ನು ಸುಲಿದು ಬಾಯಿಗಿಟ್ಟಿದ್ದೆ. ಕೆಳಗಿನ ಮುಂಭಾಗದ ಹಲ್ಲೊಂದು ಸ್ವಲ್ಪ ಒಳಕ್ಕೆ ವಾಲಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ನೋವಿಲ್ಲ. ನೋವಿಲ್ಲದ್ದೇ ವಿಚಿತ್ರ ಎನಿಸಿತು. ನಾಲಿಗೆಯಿಂದ ಇನ್ನೊಮ್ಮೆ ದೂಡಿ ನೋಡಿದೆ. ಮತ್ತೆ ವಾಲಿತು.

ಮನೆ ಕಲಬುರಗಿಯ ಕೋಟನೂರಿನಲ್ಲಿ, ಕೆಲಸ ಕಮಲಾಪುರದಲ್ಲಿ. ತವರೂ ಕಮಲಾಪುರವೇ. ಅಣ್ಣ ಅಲ್ಲಿ ಹೊಲ ಮಾಡಿಕೊಂಡಿದ್ದಾನೆ, ಅವ್ವ ಅವನ ಜೊತೆ ಇದ್ದಾಳೆ. ಹಣ್ಣು ಅವನ ತೋಟದ್ದೇ. ಆ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಣ್ಣನ ಮನೆಗೆ ಹೋಗಿ, ಅವ್ವನ ಮುಂದೆ ಬಾಯಿ ತೆರೆದು ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು, ನನ್ನ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಳು.

"ನನ್ನವೂ ಹಿಂಗೇ ಇದ್ದು" ಎಂದಳು. "ಮೊದ್ಲ ನಡುವಿಂದೊಂದು ಹೋತು. ಆಮ್ಯಾಲ ಅದರ ಬಾಜೂಕಿಂದು. ಐವತ್ತರೊಳಗ ಕೆಳಗಿನ ಸಾಲು ಖಾಲಿ."

ಹೆದರಿಸಲು ಹೇಳಿದ್ದಲ್ಲ, ಕಂಡದ್ದನ್ನು ಹೇಳಿದಳು. ಆದರೆ ನನಗೆ ಆಗ ನಲವತ್ತೇಳು. ಅವ್ವ ಈಗ ಹಲ್ಲಿನ ಸೆಟ್ಟನ್ನು ಮದುವೆ ಮುಂಜಿಗಷ್ಟೇ ಹಾಕಿಕೊಳ್ಳುತ್ತಾಳೆ. ಉಳಿದ ದಿನಗಳಲ್ಲಿ ಅದು ಜಗುಲಿಯ ಗೂಡಿನಲ್ಲಿ ಗ್ಲಾಸಿನೊಳಗೆ ಇರುತ್ತದೆ, ಅವಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ನುಂಗುತ್ತಾಳೆ. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ನಾನು ಒಂದೇ ಯೋಚನೆ ಮಾಡಿದೆ: ಈ ನಾಲ್ಕು ಹಲ್ಲನ್ನು ಉಳಿಸಿಕೊಳ್ಳಬೇಕು.

ಆ ನಾಲ್ಕರ ಬಗ್ಗೆ ಹೇಳಬೇಕು. ಕೆಳಸಾಲಿನ ನಡುವಿನವು. ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕುಳಿತ ಹಾಗೆ ಇದ್ದವು. ಒಬ್ಬರು ಬೆನ್ನು ಒರಗಿಸಿದ್ದಾರೆ, ಒಬ್ಬರು ಸೀಟಿನ ತುದಿಗೆ ಬಂದಿದ್ದಾರೆ, ಇನ್ನೊಬ್ಬರು ಅಡ್ಡ ತಿರುಗಿ ಭುಜವನ್ನಷ್ಟೇ ತೂರಿಸಿದ್ದಾರೆ. ಅಡ್ಡ ತಿರುಗಿದ್ದೇ ಅಲುಗಾಡಿದ್ದು. ಎಂಟನೇ ಕ್ಲಾಸಿನಿಂದಲೂ ಹೀಗೇ. ನಮ್ಮ ಕಾಲದಲ್ಲಿ ಹಲ್ಲು ನೋವು ಬಂದರೆ ಕೀಳಿಸುತ್ತಿದ್ದರು. ಸೊಟ್ಟ ಇದ್ದರೆ ಸೊಟ್ಟ. ನಗುವಾಗ ಸೆರಗಿನ ತುದಿ ತಾನಾಗಿ ಬಾಯಿಗೆ ಬರುತ್ತಿತ್ತು, ಅಷ್ಟೇ.

ಸೇಡಂ ರಸ್ತೆಯಲ್ಲಿ ಮೊದಲ ಮಹಡಿಯ ಮೇಲೊಂದು ದವಾಖಾನೆ. ಹಲ್ಲು ಸಾಲು ಮಾಡುವುದನ್ನೇ ಕಲಿತು ಬಂದ ಡಾಕ್ಟರು, ಮೂವತ್ತೆರಡೋ ಮೂವತ್ಮೂರೋ ವರ್ಷದ ಹೆಣ್ಣುಮಗಳು. ಮನೆ ಕೋಟೆಯ ಕಡೆಯ ಗಲ್ಲಿಯಲ್ಲಂತೆ. ನರ್ಸಿನ ಜೊತೆ ದಖನಿ ಉರ್ದುವಿನಲ್ಲಿ, ನನ್ನ ಜೊತೆ ನಮ್ಮ ಕನ್ನಡದಲ್ಲಿ ಮಾತು. ಹದಿಮೂರು ಹದಿನಾಲ್ಕರ ಮಕ್ಕಳು ಸಾಲಾಗಿ ಕುಳಿತಿದ್ದರು, ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ತಾಯಿ. ನನ್ನ ಪಕ್ಕದವಳು ಕೇಳಿದಳು, ನಿಮ್ಮ ಮಗಳು ಒಳಗೆ ಹೋದಳೇನು ಎಂದು. ನಾನೇ ಪೇಷಂಟು ಎಂದೆ. ಅವಳು ನನ್ನ ಬಾಯಿಯನ್ನೊಮ್ಮೆ, ನನ್ನ ಬಿಳಿಗೂದಲನ್ನೊಮ್ಮೆ ನೋಡಿ ಮಗನ ಕಡೆ ತಿರುಗಿದಳು.

ಎಕ್ಸ್‌ರೇ ತೆಗೆದರು. ಗೋಡೆಯ ಪರದೆಯ ಮೇಲೆ ನನ್ನ ಎಲ್ಲ ಹಲ್ಲುಗಳೂ ಒಂದು ಕಡೆಯ ಕಿವಿಯಿಂದ ಇನ್ನೊಂದು ಕಡೆಯ ಕಿವಿಯವರೆಗೆ ಸಾಲು ಹಿಡಿದು ನಿಂತವು. ನಲವತ್ತೇಳು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದೇನೆ, ಅವಕ್ಕೆ ಇಷ್ಟುದ್ದ ಬೇರು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಎಲುಬು ಎಲ್ಲಿಯವರೆಗೆ ಇರಬೇಕಿತ್ತು, ಈಗ ಎಲ್ಲಿದೆ ಎಂದು ಡಾಕ್ಟರು ಪೆನ್ನಿನಿಂದ ತೋರಿಸಿದರು. ಬೇಸಿಗೆಯ ಬಾವಿಯಲ್ಲಿ ನೀರಿನ ಗುರುತು ಇಳಿದ ಹಾಗೆ ಆ ನಾಲ್ಕು ಹಲ್ಲಿನ ಸುತ್ತ ಎಲುಬು ಇಳಿದಿತ್ತು.

ಹಲ್ಲು ಸೊಟ್ಟ ಇದ್ದ ಮಾತ್ರಕ್ಕೆ ಬೀಳುವುದಿಲ್ಲವಂತೆ. ಒಂದರ ಹಿಂದೆ ಒಂದು ಅಡಗಿದ್ದರೆ ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ಲಿ ಹೊಲಸು ಕೂತು ಕಲ್ಲಾಗುತ್ತದೆ, ಒಸಡು ಹಿಂದೆ ಸರಿಯುತ್ತದೆ, ಎಲುಬು ಅದರ ಬೆನ್ನು ಹಿಡಿದು ಇಳಿಯುತ್ತದೆ. ಅದಕ್ಕೇ ಮೊದಲು ಒಸಡಿನ ಕೆಲಸ. ಮೂರು ತಿಂಗಳು ಆಳದವರೆಗೆ ಸ್ವಚ್ಛ ಮಾಡಿ ನೋಡುವುದು. ರಕ್ತ ನಿಂತರೆ ಮಾತ್ರ ಹಲ್ಲು ಸರಿಸುವ ಮಾತು. ನಿಲ್ಲದಿದ್ದರೆ ಮುಟ್ಟುವ ಹಾಗಿಲ್ಲ.

"ಬ್ಯಾನಿ ಇದ್ದ ವಸಡಿಯೊಳಗ ಹಲ್ಲು ಸರಸೋದಂದ್ರ, ಆಂಟಿ, ನಿಧಾನಕ್ಕ ಕಿತ್ತಂಗ" ಎಂದರು.

ಆ ಮೂರು ತಿಂಗಳು ನಾನು ಕಂಡಕಂಡವರ ಬಾಯನ್ನು ನೋಡುತ್ತ ಕಳೆದೆ. ಮೊದಲು ಮುಖ ಕಾಣುತ್ತಿತ್ತು, ಈಗ ಬರೀ ಹಲ್ಲು ಕಾಣುತ್ತಿದ್ದವು. ಕಂಡಕ್ಟರನಿಗೆ ಮೇಲಿನ ಎರಡು ಹಲ್ಲಿನ ನಡುವೆ ಟಿಕೆಟ್ ಹಿಡಿಯುವಷ್ಟು ಸಂದಿ. ಗ್ರಂಥಾಲಯಕ್ಕೆ ದಿನಾ ಬರುವ ನಿವೃತ್ತ ಮಾಸ್ತರರಿಗೆ ಒಂದು ಕೋರೆಹಲ್ಲು ಸಾಲು ಬಿಟ್ಟು ಮೇಲೆ ಹತ್ತಿ ಕುಳಿತಿದೆ. ಪರೀಕ್ಷೆಗೆ ಓದಲು ಬರುವ ಹುಡುಗಿಯೊಬ್ಬಳದು ಪೂರಾ ಸಾಲು, ಅಳತೆಪಟ್ಟಿ ಇಟ್ಟ ಹಾಗೆ. ಅವಳು ಒಂದು ದಿನವೂ ನಕ್ಕಿದ್ದನ್ನು ನಾನು ಕಾಣೆ. ನನ್ನ ಯಜಮಾನರನ್ನೂ ಬಿಡಲಿಲ್ಲ. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ ಅವರ ಹಲ್ಲು ಎಣಿಸಿದೆ.

ಅವರು ಬಾಯಿ ತೆರೆದೇ ಹೇಳಿದರು, "ನಿನ್ನ ಹಲ್ಲು ಸೊಟ್ಟ ಅದಾವಂತ ನಾ ಯಾವತ್ತರ ಅಂದೀನೇನು?"

"ಚಂದಕ್ಕಲ್ರೀ. ಉಳೀಲಿ ಅಂತ."

"ಹಂಗಿದ್ರ ಮಾಡ್ಸು" ಎಂದು ಬಾಯಿ ಮುಚ್ಚಿಕೊಂಡರು.

ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು, ಸಿಲಿಂಡರು ಬರೆಯುವ ಚೌಕದಲ್ಲೇ ಒಂದು ಮೂಲೆಗೆ ರಕ್ತ ಬಂದ ದಿನ ಚುಕ್ಕೆ ಇಡುತ್ತಿದ್ದೆ. ಜೂನಿನಲ್ಲಿ ದಿನಕ್ಕೊಂದು ಚುಕ್ಕೆ. ಜುಲೈಯಲ್ಲಿ ವಾರಕ್ಕೆ ಎರಡೋ ಮೂರೋ. ಸೆಪ್ಟೆಂಬರಿನ ಹಾಳೆ ತಿರುವಿದಾಗ ಆಗಸ್ಟಿನ ಕೊನೆಯ ಹದಿನೈದು ದಿನ ಖಾಲಿ ಇದ್ದವು. ಆಗಸ್ಟಿನ ಹಾಳೆಯನ್ನು ಹರಿದು ಪರ್ಸಿನಲ್ಲಿಟ್ಟುಕೊಂಡು ಡಾಕ್ಟರಿಗೆ ತೋರಿಸಿದೆ. ಅವರು ಅದನ್ನು ಎರಡು ಸಲ ನೋಡಿದರು. ಪೇಷಂಟು ಹೀಗೆ ಬರೆದಿಟ್ಟುಕೊಂಡು ಬಂದದ್ದು ಇದೇ ಮೊದಲು ಎಂದರು.

ಮುಂದಿನ ಮಾತು ಯಾವ ದಾರಿ ಹಿಡಿಯುವುದು ಎಂಬುದು. ಮೇಜಿನ ಮೇಲೆ ನಾಲ್ಕೈದು ಪ್ಲಾಸ್ಟರಿನ ದವಡೆಗಳನ್ನು ಸಾಲಾಗಿ ಇಟ್ಟರು. ಒಂದಕ್ಕೆ ಸ್ಟೀಲಿನ ಕ್ಲಿಪ್ಪು, ಮಕ್ಕಳು ಹಾಕಿಕೊಳ್ಳುವಂಥದ್ದು. ಇನ್ನೊಂದಕ್ಕೆ ಹಲ್ಲಿನ ಬಣ್ಣದ್ದೇ ಕ್ಲಿಪ್ಪು, ದೂರಕ್ಕೆ ಅಷ್ಟಾಗಿ ಕಾಣದು. ಮತ್ತೊಂದಕ್ಕೆ ಹಲ್ಲಿನ ಹಿಂಬದಿಗೆ ಅಂಟಿಸಿದ ತಂತಿ. ಎದುರಿನವರಿಗೆ ಗೊತ್ತೇ ಆಗುವುದಿಲ್ಲ, ಆದರೆ ನಾಲಿಗೆಗೆ ದಿನಾ ಗೊತ್ತಾಗುತ್ತದೆ. ಕೊನೆಯದಕ್ಕೆ ಏನೂ ಇಲ್ಲ ಎಂದುಕೊಂಡೆ. ಉಗುರಿನಿಂದ ಕೆದಕಿದಾಗ ಗಾಜಿನಂಥ ತೆಳು ಪ್ಲಾಸ್ಟಿಕ್ಕಿನ ಅಚ್ಚೊಂದು ಕಳಚಿ ಕೈಗೆ ಬಂತು. ಎರಡು ವಾರಕ್ಕೊಂದು ಹೊಸ ಜೊತೆ, ಮೇಲಿನದೊಂದು ಕೆಳಗಿನದೊಂದು. ಪ್ರತಿ ಜೊತೆಯೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಬೇರೆ. ಹಲ್ಲು ಅದರ ಹಿಂದೆ ಹೋಗುತ್ತದೆ.

ಜಾಗ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಪುಸ್ತಕದ ಕಪಾಟುಗಳ ನಡುವೆಯೇ ಇರುವವಳು ನಾನು. ಇಕ್ಕಟ್ಟಾದ ಸಾಲಿನಲ್ಲಿ ಪುಸ್ತಕ ನೆಟ್ಟಗೆ ನಿಲ್ಲಬೇಕೆಂದರೆ ಒಂದೋ ಕಪಾಟು ಅಗಲ ಆಗಬೇಕು, ಒಂದೋ ಒಂದು ಪುಸ್ತಕ ತೆಗೆಯಬೇಕು. ಇಲ್ಲಿಯೂ ಹಾಗೇ ಎಂದರು ಡಾಕ್ಟರು. ನಾಲ್ಕರಲ್ಲಿ ಅಲುಗಾಡುವ ಒಂದನ್ನು ಕಿತ್ತರೆ ಉಳಿದ ಮೂರು ಬೇಗ ಸಾಲಾಗುತ್ತವೆ. ಅದು ಬೇಡವಾದರೆ ಹಲ್ಲುಗಳ ಪಕ್ಕೆಯಲ್ಲಿ ಸ್ವಲ್ಪ ಸ್ವಲ್ಪ ಸವೆಸಿ ಜಾಗ ಮಾಡಬಹುದು, ಕಾಗದದಷ್ಟು. ಪುಸ್ತಕಕ್ಕೆ ಹಾಗೆ ಮಾಡಲಾಗದು. ನಾನು ಸವೆಸುವುದನ್ನೇ ಒಪ್ಪಿದೆ. ಏನೂ ಮಾಡದೆ ಸ್ವಚ್ಛ ಮಾಡಿಸುತ್ತಲೇ ಇರುವುದೂ ಒಂದು ದಾರಿ, ಅದನ್ನೂ ಹೇಳಿದರು. ಹಲ್ಲಿನ ಮೇಲೆ ಟೊಪ್ಪಿಗೆಯಂತೆ ಕ್ಯಾಪ್ ಕೂಡಿಸಿ ಸಾಲು ಕಾಣುವಂತೆ ಮಾಡುವವರೂ ಇದ್ದಾರಂತೆ. ನನ್ನ ಬಾಯಿಗೆ ಅದು ಹೊಲಸಿನ ಮೇಲೆ ಸುಣ್ಣ ಬಳಿದ ಹಾಗೆ.

ಎಲುಬಿನೊಳಗೆ ಇರುವ ಹಲ್ಲು ಅದು ಹೇಗೆ ಸರಿಯುತ್ತದೆ ಎಂಬುದೇ ನನಗೆ ತಿಳಿಯದಾಗಿತ್ತು. ಹಲ್ಲು ಗೋಡೆಗೆ ಮೊಳೆ ಹೊಡೆದ ಹಾಗೆ ಇರುವುದಿಲ್ಲವಂತೆ. ಸುತ್ತಲೂ ಸಣ್ಣ ಸಣ್ಣ ನಾರುಗಳು ಅದನ್ನು ತೂಗುಹಾಕಿಕೊಂಡಿರುತ್ತವೆ. ಒಂದು ಕಡೆಯಿಂದ ಮೆತ್ತಗೆ ಒತ್ತುತ್ತ ಹೋದರೆ ಎದುರಿನ ಎಲುಬು ಕರಗಿ ದಾರಿ ಬಿಡುತ್ತದೆ, ಬೆನ್ನ ಹಿಂದೆ ಹೊಸ ಎಲುಬು ಕಟ್ಟುತ್ತ ಬರುತ್ತದೆ. ನಮ್ಮ ವಯಸ್ಸಿನಲ್ಲೂ. ಮಕ್ಕಳಿಗಿಂತ ನಿಧಾನ, ಅಷ್ಟೇ. ಜೋರು ಮಾಡಿದರೆ ಮಾತ್ರ ಕೆಡುತ್ತದೆ. ಆ ರಾತ್ರಿ ಊಟ ಮಾಡುವಾಗ, ನನ್ನ ದವಡೆಯೊಳಗೆ ಹೊಸ ಎಲುಬು ಕಟ್ಟುವ ಕೆಲಸ ಈಗಲೂ ನಡೆಯಬಲ್ಲದು ಎಂಬುದನ್ನು ಯಜಮಾನರಿಗೆ ಮೂರು ಸಲ ಹೇಳಿದೆನಂತೆ.

ನನಗೆ ಅಚ್ಚೇ ಬೇಕಿತ್ತು. ತೆಗೆದು ಹಲ್ಲು ತಿಕ್ಕಬಹುದು, ಒಸಡಿಗೆ ಒಳ್ಳೆಯದು. ಇದು ಎಲ್ಲರಿಗೂ ಹೇಳಿದ ಕಾರಣ. ಹೇಳದ ಕಾರಣ, ಈ ವಯಸ್ಸಿನಲ್ಲಿ ಬಾಯಿ ತುಂಬ ಸ್ಟೀಲು ಹೊತ್ತು ಮೇಜಿನ ಹಿಂದೆ ಕೂರಲು ನಾಚಿಕೆ. ಅಡ್ಡ ತಿರುಗಿದ ಹಲ್ಲಿಗೆ ಕ್ಲಿಪ್ಪು ಹೆಚ್ಚು ನಂಬಿಕೆಯದು ಎಂದು ಡಾಕ್ಟರು ಹೇಳಿದರೂ, ನಿಯತ್ತಿನಿಂದ ಹಾಕಿಕೊಂಡರೆ ಅಚ್ಚೂ ಕೆಲಸ ಮಾಡುತ್ತದೆ ಎಂದು ಒಪ್ಪಿದರು. ಊಟಕ್ಕೆ, ಚಹಾಕ್ಕೆ ತೆಗೆಯುವುದು. ಉಳಿದ ಇಪ್ಪತ್ತೆರಡು ತಾಸು ಬಾಯಲ್ಲೇ.

"ಬಾಯಾಗಿಂದ ತೆಗದ್ರ ಡಬ್ಬಿ ಒಳಗ. ಡಬ್ಬಿ ಒಳಗಿಂದ ಬಾಯಾಗ. ನಡುವ ಎಲ್ಲೂ ಇಡಬ್ಯಾಡ್ರಿ" ಎಂದು ಒಂದು ನೀಲಿ ಡಬ್ಬಿ ಕೊಟ್ಟರು.

ಮೊದಲ ವಾರ 'ಸ' ಅಕ್ಷರ ಒದ್ದೆಯಾಗಿ ಬರುತ್ತಿತ್ತು. ಸದಸ್ಯತ್ವದ ಫಾರಂ ತುಂಬಿಸುವುದೇ ಕಷ್ಟ. ಕೋರೆಹಲ್ಲಿನ ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿ, "ಬಾಯಾಗೇನು ಗುಟ್ಕಾ ಇಟ್ಗೊಂಡೀರೇನ್ರಿ ಅಕ್ಕಾರೆ?" ಎಂದರು. ದಿನಕ್ಕೆ ಐದು ಸಲ ಕುಡಿಯುತ್ತಿದ್ದ ಚಹಾ ಎರಡಕ್ಕೆ ಬಂತು. ಪ್ರತಿ ಸಲ ತೆಗೆ, ತೊಳೆ, ಹಲ್ಲು ಉಜ್ಜು, ಮತ್ತೆ ಹಾಕು; ಯಾರಿಗೆ ಬೇಕು? ಕಲಬುರಗಿಯಲ್ಲಿ ಯಾರ ಮನೆಗೆ ಹೋದರೂ ಕೂರುವ ಮುಂಚೆ ಚಹಾ ಬರುತ್ತದೆ ಎಂಬುದು, ಬೇಡ ಎನ್ನಬೇಕಾಗಿ ಬಂದಾಗಲೇ ನನ್ನ ಗಮನಕ್ಕೆ ಬಂದದ್ದು. ಡಿಸೆಂಬರಿನ ಹೊತ್ತಿಗೆ ಎಂಟನೆಯ ಜೊತೆ. ಕನ್ನಡಿಯಲ್ಲಿ ನೋಡಿದರೆ ಅಡ್ಡ ಕುಳಿತವರು ನಿಜವಾಗಿಯೂ ಸ್ವಲ್ಪ ಮುಂದಕ್ಕೆ ತಿರುಗಿದ್ದರು.

ಆಗ ಎಳ್ಳ ಅಮಾವಾಸ್ಯೆ ಬಂತು.

ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಎಲ್ಲರೂ ಹೊಲಕ್ಕೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಅಣ್ಣನ ಹೊಲಕ್ಕೆ ಹೋದೆವು. ಜೋಳ ತಲೆಯ ಮೇಲೆ ಎದ್ದಿತ್ತು, ತೆನೆಯಲ್ಲಿ ಹಾಲು ತುಂಬಿತ್ತು. ಅಣ್ಣ ಜೋಳದ ದಂಟಿನ ಸಣ್ಣ ಗುಡಿಸಲು ಕಟ್ಟಿ, ಅದರೊಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿದ್ದ. ಪೂಜೆ ಆದ ಮೇಲೆ ಚರಗ ಚೆಲ್ಲುವುದು: ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು ಬೆಳೆಯೊಳಗೆ ಕೂಗುತ್ತ ಎರಚುತ್ತ ಹೋಗುತ್ತಾರೆ, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತ ಹೋಗುತ್ತಾರೆ. ಭೂಮಿ ತಾಯಿಯ ಊಟ ಅದು. ಅವಳು ಉಂಡ ಮೇಲೆ ನಮ್ಮದು.

ಅದಕ್ಕೆ ಕಾಯದೆ, ಪೂಜೆಗಿಂತ ಮೊದಲೇ ವೈನಿ, ಅಂದರೆ ಅಣ್ಣನ ಹೆಂಡತಿ, ಸುಟ್ಟ ಸೀತನಿ ತಂದು ಕೈಗೆ ಸುರಿದಳು. ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದದ್ದು, ಬಿಸಿಬಿಸಿ. ಅದನ್ನು ಆರಲು ಬಿಟ್ಟವರುಂಟೇ? ಅಚ್ಚು ತೆಗೆಯಬೇಕು. ನೀಲಿ ಡಬ್ಬಿ ಚೀಲದಲ್ಲಿ, ಚೀಲ ದೂರ ನಿಂತ ಟ್ರ್ಯಾಕ್ಟರಿನಲ್ಲಿ. ಬರಿಗೈಯಲ್ಲಿ ಹಿಡಿದರೆ ಮಣ್ಣಾಗುತ್ತದೆ. ಅಲ್ಲೇ ಒಂದು ಸ್ಟೀಲಿನ ಬಟ್ಟಲಿನಲ್ಲಿ ನೀರಿತ್ತು. ಒಳ್ಳೆಯದೇ ಆಯಿತು, ಎಂಜಲೂ ಹೋಗುತ್ತದೆ ಎಂದು ಎರಡನ್ನೂ ಅದರಲ್ಲಿ ಬಿಟ್ಟೆ. ನೀರಿಗೆ ಬಿದ್ದದ್ದೇ ಕಾಣದಾದವು.

ಹುಟ್ಟಿದಾಗಿನಿಂದ ನಲವತ್ತೇಳು ಎಳ್ಳ ಅಮಾವಾಸ್ಯೆ ಮಾಡಿದವಳು ನಾನು. ಪಾಂಡವರ ಮುಂದೆ ಇರುವ ಬಟ್ಟಲಿನ ನೀರು ಯಾತಕ್ಕೆ ಎಂದು ಬೇರೆಯವರಿಗೆ ಹೇಳಿಕೊಡಬೇಕಾದವಳು. ಸೀತನಿಯ ವಾಸನೆಗೆ ಎಲ್ಲ ಮರೆತೆ.

ಅಣ್ಣ ಚರಗದ ಬುಟ್ಟಿ ಹೊತ್ತು ಮುಂದೆ ನಡೆದ. ನೀರು ಚಿಮುಕಿಸಲು ಅಳಿಯಂದಿರು ಬರಲಿ ಎಂದು ಅವ್ವ ಹೇಳಿದ್ದರಿಂದ ನನ್ನ ಯಜಮಾನರು ಆ ಬಟ್ಟಲು ಎತ್ತಿಕೊಂಡರು. ಸೇಡಂ ರಸ್ತೆಯ ಆಫೀಸಿನಲ್ಲಿ ದಿನವಿಡೀ ಕುರ್ಚಿಯಲ್ಲಿರುವ ಮನುಷ್ಯ. ಅವತ್ತು ಬಹಳ ಉತ್ಸಾಹ. ಬೆರಳದ್ದಿ ಚಿಮುಕಿಸುವುದನ್ನು ಬಿಟ್ಟು ಅಂಗೈಯಲ್ಲೇ ತೋಡಿ ತೋಡಿ ಎಡಕ್ಕೂ ಬಲಕ್ಕೂ ಎರಚಿದರು. ಅಣ್ಣ ಮುಂದೆ ಕೂಗಿದರೆ ಇವರು ಹಿಂದೆ ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು. ನಾನು ನಗುತ್ತ ನೋಡುತ್ತ ನಿಂತಿದ್ದೆ, ಬಾಯಲ್ಲಿ ಸೀತನಿ. ಖಾಲಿ ಬಟ್ಟಲು ಹಿಡಿದು ಅವರು ವಾಪಸು ಬಂದಾಗಲೇ ನನ್ನ ಬಾಯಿ ನಿಂತದ್ದು.

ಹುಡುಕಿದೆವು. ನಾಲ್ಕು ದಿಕ್ಕಿಗೂ ಎರಚಿದ, ಗಾಜಿನಂತೆ ಆಚೆ ಈಚೆ ಕಾಣುವ ವಸ್ತುವನ್ನು ತಲೆಯೆತ್ತರದ ಜೋಳದಲ್ಲಿ ಹುಡುಕುವುದೆಂದರೆ ಹೇಗೆ? ಎರಡು ಸಾಲು ಮುಗಿಯುವಷ್ಟರಲ್ಲಿ ಅಣ್ಣ ತಡೆದ, ಬೆಳೆ ತುಳಿದು ಹಾಳಾಗುತ್ತದೆ ಎಂದು. ಯಜಮಾನರು ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು, ಬಟ್ಟಲು ಸ್ವಲ್ಪ ಖಣಖಣ ಅಂದಿತ್ತು, ದಕ್ಷಿಣೆಯ ನಾಣ್ಯ ಇರಬಹುದು ಅಂದುಕೊಂಡೆ ಎಂದು.

"ಇರ್ಲಿ ಬಿಡ್ರಿ" ಎಂದಳು ಅವ್ವ. "ಭೂಮಿ ತಾಯೀನೂ ಭಾಳ ವರ್ಷದಿಂದ ಮೆತ್ತಂದು ಉಂಡು ಉಂಡು ಬ್ಯಾಸತ್ತಿದ್ಲು. ಹಲ್ಲು ಬೇಕಾಗಿದ್ದು ಕಾಣ್ತದ."

ವೈನಿ ನಕ್ಕು ನಕ್ಕು ಬುಟ್ಟಿ ಹಿಡಿದುಕೊಂಡು ಕುಳಿತಳು. ನಾನೂ ನಕ್ಕೆ. ಇಲ್ಲಿಯವರೆಗಿನದು ಬರೀ ಅಚಾತುರ್ಯ. ತಪ್ಪು ಮಾಡಿದ್ದು ಆಮೇಲೆ.

ಮರುದಿನವೇ ದವಾಖಾನೆಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ನನ್ನ ಕೆಲಸವೇ ಪುಸ್ತಕ ಕಳೆದುಕೊಂಡವರ ಮುಖ ನೋಡುವುದು. ಕಳೆದವರು ತಿಂಗಳುಗಟ್ಟಲೆ ಗ್ರಂಥಾಲಯದ ಕಡೆ ಸುಳಿಯುವುದಿಲ್ಲ. ದಾರಿಯಲ್ಲಿ ಎದುರಾದರೆ ಅಂಗಡಿಯೊಳಗೆ ಹೊಕ್ಕುಬಿಡುತ್ತಾರೆ. ಅಂಥವರನ್ನು ಹಿಡಿದು, ಬಂದು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ಎಷ್ಟು ಸಲ ಅಂದಿಲ್ಲ ನಾನು. ಈಗ ನನಗೇ ಆ ಡಾಕ್ಟರರ ಮುಂದೆ, ಡಬ್ಬಿಯ ಮಾತನ್ನು ಅಷ್ಟು ಬಿಡಿಸಿ ಹೇಳಿದ ಹುಡುಗಿಯ ಮುಂದೆ, ಬಟ್ಟಲಿನ ಕತೆ ಹೇಳಲು ಬಾಯಿ ಬರಲಿಲ್ಲ. ಆ ತಿಂಗಳ ಭೇಟಿಯನ್ನು ಸಂಕ್ರಾಂತಿಯ ಆಚೆಗೆ ಮುಂದೂಡಿಸಿದೆ.

ಮನೆಯಲ್ಲಿ ಏಳನೆಯ ಹಳೆಯ ಜೊತೆ ಇತ್ತು, ಮುಂಚಿತವಾಗಿ ಕೊಟ್ಟಿದ್ದ ಒಂಬತ್ತನೆಯದೂ ಇತ್ತು. ಹಿಂದಕ್ಕೆ ಹೋಗುವುದಕ್ಕಿಂತ ಮುಂದಕ್ಕೆ ಹೋಗೋಣ ಎಂದು ನನ್ನ ಲೆಕ್ಕ. ಎಂಟನೆಯದನ್ನು ಹಾಕಿ ಮೂರೇ ದಿನ ಆಗಿತ್ತು, ಒಂಬತ್ತನೆಯದು ಕೂರಲಿಲ್ಲ. ಕೈವಸ್ತ್ರ ಮಡಿಸಿ ನಡುವೆ ಇಟ್ಟು ಕಚ್ಚಿ ಕಚ್ಚಿ ಕೂರಿಸಿದೆ. ನಾಲ್ಕು ದಿನ ಇಡೀ ಗಲ್ಲ ನೋವು. ನೋವು ಅಂದರೆ ಹಲ್ಲು ಸರಿಯುತ್ತಿದೆ ಎಂದು ಸಮಾಧಾನ ಮಾಡಿಕೊಂಡೆ. ಜೋರು ಮಾಡಿದರೆ ಕೆಡುತ್ತದೆ ಎಂದು ಕೇಳಿ, ತಿಳಿದು, ಮೂರು ಸಲ ಯಜಮಾನರಿಗೆ ವಿವರಿಸಿದವಳೂ ನಾನೇ. ಮೂರನೆಯ ವಾರ ಹಲ್ಲುಜ್ಜಿ ಉಗುಳಿದಾಗ ನೀರು ಕೆಂಪಾಗಿತ್ತು. ನಾಲಿಗೆ ತಾಗಿಸಿದರೆ ಸಾಕು, ಅಡ್ಡ ಹಲ್ಲು ಹೋಗಿ ಬರುತ್ತಿತ್ತು. ಕ್ಯಾಲೆಂಡರಿನಲ್ಲಿ ಚುಕ್ಕೆ ಇಡಲು ಕೈ ಹೋಯಿತು, ಇಟ್ಟೆ. ಅದೇ ಕೈಯಲ್ಲಿ ಚೀಲ ತೆಗೆದುಕೊಂಡು ಸೇಡಂ ರಸ್ತೆಗೆ ಹೊರಟೆ.

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಚರಗದ ಭಾಗ ಬಂದಾಗ ನರ್ಸು ಆ ಕಡೆ ತಿರುಗಿ ಹೆಗಲು ಅಲುಗಿಸಿದಳು. ಡಾಕ್ಟರು ನಗಲಿಲ್ಲ. ತುದಿಗೆ ಸಣ್ಣ ಕನ್ನಡಿ ಇರುವ ಎರಡು ಕಡ್ಡಿಗಳ ಹಿಂಬದಿಯಿಂದ ಹಲ್ಲನ್ನು ಈ ಕಡೆ ಆ ಕಡೆ ದೂಡಿ ನೋಡಿದರು, ಹೊಸ ಎಕ್ಸ್‌ರೇ ತೆಗೆಸಿದರು.

"ಕಳದಿದ್ದಕ್ಕ ನಾ ಏನೂ ಅನ್ನಲ್ಲ, ಆಂಟಿ. ಹೊಸಾದು ಮಾಡಿ ಕೊಡ್ತಿದ್ದೆ" ಎಂದರು. "ಮೂರು ವಾರ ಯಾಕ ಮುಚ್ಚಿಟ್ರಿ?"

ನಾನು ಗ್ರಂಥಾಲಯದವಳು ಎಂದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

ಈಗ ದಾರಿ ಎರಡೇ ಉಳಿದಿದ್ದವು. ಅಲುಗಾಡುವ ಹಲ್ಲನ್ನು ಕಿತ್ತು, ಉಳಿದ ಮೂರನ್ನು ಆ ಜಾಗದಲ್ಲಿ ಹರಡುವುದು. ತಪ್ಪೇನಿಲ್ಲ, ಎಷ್ಟೋ ಜನರಿಗೆ ಹಾಗೇ ಮಾಡುತ್ತಾರೆ, ನೋಡಿದವರಿಗೆ ಒಂದು ಕಡಿಮೆ ಇದೆ ಎಂದು ಗೊತ್ತಾಗುವುದೂ ಇಲ್ಲ. ಇಲ್ಲವಾದರೆ ಆರು ವಾರ ಹಲ್ಲಿಗೆ ಯಾವ ಒತ್ತಡವೂ ಇಲ್ಲದೆ ಸುಮ್ಮನೆ ಬಿಟ್ಟು, ಮತ್ತೆ ಬಿಗಿಯಾದರೆ ಸ್ಟೀಲಿನ ಕ್ಲಿಪ್ಪು ಹಾಕಿ ಎಲ್ಲಕ್ಕಿಂತ ತೆಳುವಾದ ತಂತಿಯಿಂದ ಮೊದಲಿನಿಂದ ಶುರು ಮಾಡುವುದು. ತೆಗೆಯುವ ಹಾಗಿಲ್ಲದ ಕ್ಲಿಪ್ಪು. ಬಟ್ಟಲಿನಲ್ಲಿ ಇಡಲಾಗದ್ದು.

"ಉಳೀತದಂತ ನಾ ಮಾತು ಕೊಡಲ್ಲ" ಎಂದರು.

ಕಾಯುತ್ತೇನೆ ಎಂದೆ. ಆರು ವಾರ ಆ ಹಲ್ಲಿಗೆ ನಾಲಿಗೆ ತಾಗಿಸಬಾರದು ಎಂಬುದು ಎಲ್ಲಕ್ಕಿಂತ ಕಷ್ಟದ ಪಥ್ಯ. ತಾಗಿಸಬಾರದು ಎಂದುಕೊಂಡಷ್ಟೂ ನಾಲಿಗೆ ಅಲ್ಲಿಗೇ ಹೋಗುತ್ತದೆ. ಬಸ್ಸಿನಲ್ಲಿ ದವಡೆಗೆ ಲವಂಗ ಇಟ್ಟುಕೊಂಡು ನಾಲಿಗೆಯನ್ನು ಬೇರೆ ಕಡೆ ದುಡಿಸುತ್ತಿದ್ದೆ. ರೊಟ್ಟಿಯನ್ನು ಬೇಳೆಸಾರಿನಲ್ಲಿ ಮುರಿದು ಹಾಕಿ ಚಮಚದಲ್ಲಿ ಉಂಡೆ. ಅಣ್ಣನ ಮನೆಯಲ್ಲಿ ಅವ್ವ, ನಾನು ಒಂದೇ ಥರದ ತಟ್ಟೆ ಹಿಡಿದು ಎದುರುಬದುರು ಕೂರುತ್ತಿದ್ದೆವು.

ಆರು ವಾರಕ್ಕೆ ಬಿಗಿಯಾಗಿತ್ತು. ಪೂರಾ ಅಲ್ಲ, ಆದರೆ ಕ್ಲಿಪ್ಪು ಹಾಕಬಹುದು ಎನ್ನುವಷ್ಟು. ಯುಗಾದಿಯ ಮುಂದೆ ಸ್ಟೀಲು ಬಾಯಿಗೆ ಬಂತು. ಮಾಸ್ತರರು ಪೇಪರು ಕೆಳಗಿಟ್ಟು ಹತ್ತಿರ ಬಂದು ನೋಡಿ, ಇದನ್ನು ಯಾವ ವಯಸ್ಸಿನವರೆಗೆ ಮಾಡುತ್ತಾರೆ ಎಂದು ಕೇಳಿದರು. ಎಲುಬು ಒಸಡು ಗಟ್ಟಿಯಿದ್ದರೆ ವಯಸ್ಸಿನ ತಡೆ ಇಲ್ಲವಂತೆ ಎಂದೆ. ಅವರು ತಮ್ಮ ಕೋರೆಹಲ್ಲನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತ ಜಾಗಕ್ಕೆ ಹೋದರು. ನಾಚಿಕೆ ಎಂದು ಅಷ್ಟು ಹೆದರಿದ್ದೆನಲ್ಲ, ಅದು ಎರಡು ದಿನ ಇತ್ತು. ಮೂರನೆಯ ದಿನದಿಂದ ಜನ ನನ್ನ ಹತ್ತಿರ ಪುಸ್ತಕಕ್ಕಿಂತ ಹಲ್ಲಿನ ವಿಚಾರ ಹೆಚ್ಚು ಕೇಳತೊಡಗಿದರು.

ತಿಂಗಳಿಗೊಮ್ಮೆ ತಂತಿ ಬದಲು, ತಿಂಗಳಿಗೊಮ್ಮೆ ಒಸಡು ಸ್ವಚ್ಛ. ಹದಿಮೂರು ತಿಂಗಳು. ಮೂರು ಹಲ್ಲು ಸಾಲಾಗಿ ನಿಂತವು. ನಾಲ್ಕನೆಯದು, ಅಡ್ಡ ಇದ್ದದ್ದು, ಮುಕ್ಕಾಲು ತಿರುಗಿ ನಿಂತುಬಿಟ್ಟಿತು. ಆ ದಿನ ಡಾಕ್ಟರು ಕನ್ನಡಿ ಕೈಗೆ ಕೊಟ್ಟು ಬಿಡಿಸಿ ಹೇಳಿದರು. ಇನ್ನು ನಾಲ್ಕೈದು ತಿಂಗಳು ಎಳೆದರೆ ಅದೂ ಸಾಲಿಗೆ ಬರುತ್ತದೆ. ಆದರೆ ಅದರ ಸುತ್ತ ಎಲುಬು ಕಡಿಮೆ, ಒಮ್ಮೆ ಪೆಟ್ಟು ತಿಂದದ್ದು ಬೇರೆ, ಎಳೆದರೆ ಕೈಬಿಟ್ಟೀತು. ಇಲ್ಲಿಗೇ ನಿಲ್ಲಿಸಿದರೆ ಸ್ವಲ್ಪ ಸೊಟ್ಟ ಉಳಿಯುತ್ತದೆ, ಬ್ರಷ್ ಮಾತ್ರ ಎಲ್ಲ ಕಡೆ ಹೋಗುತ್ತದೆ.

ನಾನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದೆ. ಹೊರಗೆ ಮಕ್ಕಳು, ತಾಯಂದಿರು ಕಾಯುತ್ತಿದ್ದರು. ಒಂದು ಹಲ್ಲು ಇನ್ನೂ ಸ್ವಲ್ಪ ಭುಜ ತಿರುಗಿಸಿಕೊಂಡೇ ಇತ್ತು. ನೆಟ್ಟಗಾಗಿಬಿಟ್ಟರೆ ಹೇಗಿರುತ್ತದೆ ಎಂದು ನೋಡುವ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

"ಸಾಕ್ರಿ ಡಾಕ್ಟರ್. ಇಲ್ಲಿಗೇ ನಿಲ್ಲಸ್ರಿ" ಎಂದೆ.

ಅವರು ಅಷ್ಟರಲ್ಲೇ ಸಾಮಾನು ಕೈಗೆತ್ತಿಕೊಂಡಿದ್ದರು. ಅವರಿಗೂ ಅದೇ ಬೇಕಿತ್ತೇನೋ. ಕ್ಲಿಪ್ಪುಗಳನ್ನು ಒಂದೊಂದಾಗಿ ಕಳಚಿ, ಕೆಳಸಾಲಿನ ಹಿಂಬದಿಗೆ ಹುರಿ ಹೊಸೆದಂಥ ಸಣ್ಣ ತಂತಿಯೊಂದನ್ನು ಅಂಟಿಸಿದರು, ನಾಲ್ಕನ್ನೂ ಒಂದಕ್ಕೊಂದು ಹಿಡಿದಿರುವ ಹಾಗೆ. ಹಲ್ಲುಗಳು ಹಳೆಯ ಜಾಗಕ್ಕೆ ಹೋಗಲು ಯಾವಾಗಲೂ ಹವಣಿಸುತ್ತಲೇ ಇರುತ್ತವಂತೆ. ಈ ತಂತಿ ಎಷ್ಟು ದಿನ ಎಂದು ಕೇಳಿದೆ.

"ಹಲ್ಲು ಇರೋತನಕ" ಎಂದರು. ಆಮೇಲೆ ತಂತಿಯ ಕೆಳಗೆ ಸಣ್ಣ ಬ್ರಷ್ ತೂರಿಸುವುದನ್ನು ನನ್ನ ಕೈಯಿಂದಲೇ ಮಾಡಿಸಿದರು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಸರಿಯಾಯಿತು, ಇನ್ನೊಮ್ಮೆ ಮಾಡಿ ತೋರಿಸಿ ಎಂದರು.

ಕೆಳಗಿಳಿದು ರಸ್ತೆಯ ಬದಿಯ ಬೇವಿನ ನೆರಳಿನಲ್ಲಿ ನಿಂತು ಅವ್ವನಿಗೆ ಫೋನು ಮಾಡಿದೆ. ನಿಲ್ಲಿಸಿಬಿಟ್ಟೆ, ಒಂದು ಸ್ವಲ್ಪ ಸೊಟ್ಟ ಉಳಿಯಿತು ಎಂದೆ. ಅವಳಿಗೆ ಅದು ಬೇಕಾಗಿರಲಿಲ್ಲ.

"ನಾಲ್ಕೂ ಅದಾವೇನು?"

"ಅದಾವ."

"ಅಲುಗಾಡ್ತಾವೇನು?"

"ಒಂದು ಜರಾ. ಹಿಂದ ತಂತಿ ಹಚ್ಚ್ಯಾರ."

ಆ ಕಡೆ, ಅವ್ವನ ಹಿಂದೆ ವೈನಿ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು.

"ಅಲುಗಾಡಿದ್ರ ಅಲುಗಾಡ್ಲಿ ಬಿಡು" ಎಂದಳು ಅವ್ವ. "ಇದ್ದಲ್ಲೇ ಇರ್ಲಿ."